ಮೋಟಾರು ಅಂಗಡಿಯ ಇಂಗ್ಲಿಷ್ ಪದಗಳು

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಅಸ್ತವ್ಯಸ್ತ ಎನ್ನುವುದಕ್ಕೆ ಆ ಭಾಷೆಯಲ್ಲಿರುವ ಪದಗಳನ್ನೆಲ್ಲ ನಾನು ಬಲ್ಲೆ. ಅದು ಓದಿನಿಂದ ಬಂದದ್ದಲ್ಲ, ಗಂಡನ ಅಂಗಡಿಯಿಂದ ಬಂದದ್ದು.

ಹೊಸದುರ್ಗದಲ್ಲಿ ನಮ್ಮ ಮನೆಯ ಮುಂಭಾಗವೇ ಅಂಗಡಿ. ಮೋಟಾರ್ ರೀವೈಂಡಿಂಗ್ ಅವರ ಕಸುಬು. ಕೊಳವೆಬಾವಿಯೊಳಗೆ ಸುಟ್ಟುಹೋದ ಮೋಟಾರನ್ನು ರೈತರು ಮೇಲೆತ್ತಿ, ಲಗೇಜ್ ಆಟೋದಲ್ಲೋ ಬೈಕಿನ ಹಿಂದೆ ಅಡ್ಡಡ್ಡ ಕಟ್ಟಿಕೊಂಡೋ ತಂದು ಹಾಕುತ್ತಿದ್ದರು. ಇವರು ಅದನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಿದ್ದರು. ಬಾಗಿಲಿನಿಂದ ಒಳಮನೆಯವರೆಗೂ ಮೋಟಾರುಗಳು ಮಲಗಿರುತ್ತಿದ್ದವು. ಕೆಲವು ಕೆಸರು ಮೆತ್ತಿಕೊಂಡು, ಕೆಲವು ಹೊಟ್ಟೆ ಬಿಚ್ಚಿಕೊಂಡು. ನಡುವೆ ಸುಟ್ಟ ತಂತಿಯ ಗುಪ್ಪೆ, ಗ್ರೀಸ್ ಡಬ್ಬ, ತಿಂದು ಬಿಟ್ಟ ಮಂಡಕ್ಕಿ ಪೊಟ್ಟಣ, ಒಂಟಿ ಚಪ್ಪಲಿ. ನಾನು ದಿನಾ ಸಂಜೆ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, ಹೊಳೆ ದಾಟುವವಳಂತೆ ಒಳಗೆ ಹೋಗುತ್ತಿದ್ದೆ.

ಮದುವೆಯಾದ ಹೊಸತರಲ್ಲಿ ನಾನು ಅದನ್ನು ಅನ್‌ಟೈಡಿ ಎನ್ನುತ್ತಿದ್ದೆ. ಅದು ಹೊಸ ಸೊಸೆ ಆಡುವ ಪದ. ತುಸು ಕೈಯಾಡಿಸಿದರೆ ಸರಿಹೋದೀತು ಎಂಬ ನಂಬಿಕೆ ಅದರಲ್ಲಿದೆ. ಕೆದರಿದ ಕೂದಲಿಗೆ, ಮಡಚದ ಹಾಸಿಗೆಗೆ ಹೇಳುವ ಮಾತು. ಕೆಲವು ತಿಂಗಳು ನಾನೂ ಕೈಯಾಡಿಸಿದೆ. ನಾನು ಜೋಡಿಸಿಟ್ಟದ್ದನ್ನು ಅವರು ಮಧ್ಯಾಹ್ನದೊಳಗೆ ಮೊದಲಿನಂತೆ ಹರಡುತ್ತಿದ್ದರು. ಆಮೇಲೆ ನಾನು ಮೆಸ್ ಎನ್ನತೊಡಗಿದೆ.

ಮೆಸ್ ಎಂದರೆ ಹಾಸ್ಟೆಲಿನ ಊಟ ಅಲ್ಲವಾ ಮಿಸ್ ಎಂದು ತರಗತಿಯಲ್ಲಿ ಪ್ರತಿ ವರ್ಷ ಒಬ್ಬ ಕೇಳುತ್ತಾನೆ, ಉಳಿದವರು ನಗುತ್ತಾರೆ. ನಗು ಮುಗಿದ ಮೇಲೆ ಹೇಳುತ್ತೇನೆ: ಅನ್‌ಟೈಡಿ ಆಗಿರುವುದಕ್ಕೆ ಯಾರೂ ಕಾರಣರಾಗಬೇಕಿಲ್ಲ, ಆದರೆ ಮೆಸ್ಸಿಗೆ ಒಬ್ಬರು ಮಾಡಿದವರು ಇರಲೇಬೇಕು. ಮೆಸ್ ಕಂಡ ಕೂಡಲೇ ಯಾರು ಮಾಡಿದ್ದು ಇದು ಎಂದು ಕೇಳಬೇಕೆನಿಸುತ್ತದೆ. ಬೈಯಲು ಒಬ್ಬ ಮನುಷ್ಯ ಸಿಗುತ್ತಾನೆ. ನನಗೆ ಸಿಕ್ಕಿದ್ದ.

ಅವರೇನು ಬೈಗುಳಕ್ಕೆ ಬಗ್ಗುವ ಆಸಾಮಿಯಲ್ಲ. ನಾನು ಶಾಲೆಯಿಂದ ಬಂದು ಹೊಸ್ತಿಲ ಮೇಲೆ ನಿಂತರೆ ಸಾಕು, ಕೈಯಲ್ಲಿನ ತಂತಿ ಬಿಡದೆ ತಲೆ ಎತ್ತಿ, “ಇವತ್ತು ಯಾವ ಪದ ಮೇಡಮ್ಮೋರೆ?” ಎನ್ನುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ಕ್ಲಟರ್ ಎಂದೆ ಒಂದು ದಿನ. ಹಾಗಂದರೆ ಏನು ಎಂದರು. ಒಂದೊಂದು ವಸ್ತುವೂ ಬೇಕಾದದ್ದೇ, ಯಾವುದರಲ್ಲೂ ತಪ್ಪಿಲ್ಲ, ಆದರೆ ಎಲ್ಲವೂ ಒಂದೇ ಕಡೆ ಬಂದು ಕೂತು ಕಾಲಿಡಲು ಜಾಗ ಇಲ್ಲ, ಅದು ಕ್ಲಟರ್ ಎಂದು ವಿವರಿಸಿದೆ. “ಹಂಗಾದ್ರೆ ನಮ್ಮ ನೆಂಟ್ರು ಮದ್ವೆಗೆ ಬಂದಂಗೆ ಅನ್ನು” ಎಂದರು. ಅಂಥ ಉದಾಹರಣೆ ನನ್ನ ಶಬ್ದಕೋಶದಲ್ಲಿ ಇರಲಿಲ್ಲ. ಮರುದಿನ ತರಗತಿಯಲ್ಲಿ ಅದನ್ನೇ ಹೇಳಿದೆ, ಮಕ್ಕಳಿಗೆ ಒಂದೇ ಸಲಕ್ಕೆ ಅರ್ಥವಾಯಿತು.

ಕೋಪ ಜಾಸ್ತಿಯಾದ ದಿನ ಶ್ಯಾಂಬಲ್ಸ್ ಎನ್ನುತ್ತಿದ್ದೆ. ಹಿಂದೆ ಇಂಗ್ಲೆಂಡಿನಲ್ಲಿ ಮಾಂಸ ಮಾರುವ ಕಟ್ಟೆಗೆ ಆ ಹೆಸರಿತ್ತು, ಆಮೇಲೆ ಹಾಳುಬಿದ್ದು ಚೆಲ್ಲಾಡಿದ್ದಕ್ಕೆಲ್ಲ ಅದೇ ಪದವಾಯಿತು. ಇದನ್ನು ಕೇಳಿ ಅವರಿಗೆ ನಿಜವಾಗಿಯೂ ಬೇಸರವಾಯಿತು. “ನಮ್ಮೂರ ಮಟನ್ ಅಂಗ್ಡಿ ನೋಡಿದೀಯಾ? ತಲೆ ಒಂದ್ಕಡೆ, ಕಾಲು ಒಂದ್ಕಡೆ, ಎಷ್ಟು ನೀಟಾಗಿ ಇಟ್ಟಿರ್ತಾರೆ. ಇಂಗ್ಲಿಷ್‌ನೋರಿಗೆ ಕುರಿ ಕೊಯ್ಯಕ್ಕೇ ಬರಲ್ಲ ಬಿಡು” ಎಂದರು. ನಾನು ಧರ್ಮಪುರದ ಕಡೆ ಕುರಿ ಸಾಕಿದ ಮನೆಯಲ್ಲಿ ಹುಟ್ಟಿದವಳು. ಆ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ, ಮಾತಿಗೆ ಈ ಪದಗಳು. ಹೀಗೇ ದಿನ ಕಳೆಯುತ್ತಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಹತ್ತನೇ ತರಗತಿಯಲ್ಲಿ ಜಂಬಲ್ಡ್ ಸೆಂಟೆನ್ಸ್ ಬಿಡಿಸುತ್ತಿದ್ದೆ. ಪದಗಳನ್ನು ಹಿಂದುಮುಂದು ಮಾಡಿ ಕೊಟ್ಟಿರುತ್ತಾರೆ, ಮಕ್ಕಳು ಸರಿಯಾಗಿ ಜೋಡಿಸಬೇಕು. ಜಂಬಲ್ ಒಳ್ಳೆಯ ಪದ. ಕಲೆತುಹೋಗಿದೆ, ಆದರೆ ಏನೂ ಕಳೆದಿಲ್ಲ, ತಾಳ್ಮೆಯಿದ್ದರೆ ಎಲ್ಲವೂ ಮತ್ತೆ ತನ್ನ ಜಾಗಕ್ಕೆ ಬರುತ್ತದೆ ಎನ್ನುತ್ತದೆ ಅದು. ಅಷ್ಟರಲ್ಲಿ ನಮ್ಮ ಅಂಗಡಿಯ ಪಕ್ಕದ ಪಂಚರ್ ಅಂಗಡಿಯವರು ಫೋನು ಮಾಡಿದರು. ಇವರು ಕೂತಲ್ಲೇ ಮಗುಚಿ ಬಿದ್ದಿದ್ದರು.

ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಹೊರಟೆವು. ಹೊಳಲ್ಕೆರೆ ದಾಟುವಾಗ ಉಸಿರಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಇರಲಿಲ್ಲ. ಡಾಕ್ಟರ್ ಚಿಕ್ಕ ವಯಸ್ಸಿನವರು, ನಾನು ಇಂಗ್ಲಿಷ್ ಟೀಚರ್ ಎಂದು ಯಾರೋ ಹೇಳಿದ್ದರೇನೋ, ಇಂಗ್ಲಿಷಿನಲ್ಲೇ ಮಾತಾಡಿದರು. ಹೃದಯದ ರಿದಮ್ ಡಿಸಾರ್ಡರ್ ಆಗಿರಬೇಕು ಎಂದರು. ನನಗೆ ಬಂದ ಯೋಚನೆ ಒಂದೇ. ಡಿಸಾರ್ಡರ್ ಎಂದರೂ ಅಸ್ತವ್ಯಸ್ತವೇ, ಆದರೆ ಮೆಸ್ಸಿನ ಹಾಗಲ್ಲ. ಅದನ್ನು ಯಾರೂ ಮಾಡಿರುವುದಿಲ್ಲ, ಯಾರನ್ನೂ ಬೈಯಲು ಬರುವುದಿಲ್ಲ. ಥ್ಯಾಂಕ್ಯೂ ಡಾಕ್ಟರ್ ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

ಅಳು ಬರಲಿಲ್ಲ. ತಾಳ್ಯದಿಂದ ಇವರ ಅಣ್ಣ, ತಮ್ಮ, ಅವರ ಹೆಂಡಿರು ಬಂದರು. ಹೆಂಗಸರು ನನ್ನ ಸುತ್ತ ಕೂತು, “ಅತ್ತುಬಿಡವ್ವ, ಎದಿಯಾಗೆ ಇಟ್ಕಬ್ಯಾಡ” ಎಂದು ಬೆನ್ನು ಸವರಿದರು. ನಾನು ಅವರು ಹೇಳಿದ ಕಡೆ ಕೂತೆ, ಹೇಳಿದಾಗ ಎದ್ದೆ, ಕೊಟ್ಟ ಕಾಫಿ ಕುಡಿದೆ. ಹೆಚ್ಚು ಹೊತ್ತು ಕೂತರೆ ಕಾಲಿಗೆ ಜೋಮು ಹಿಡಿದು, ಚಿವುಟಿದರೂ ಯಾರದೋ ಕಾಲನ್ನು ಚಿವುಟಿದಂತೆ ಆಗುತ್ತದಲ್ಲ, ನನಗೆ ಮೈಯೆಲ್ಲ ಹಾಗಾಗಿತ್ತು. ಕೂದಲು ಕೆದರಿತ್ತು, ಸೀರೆ ಜಾರಿತ್ತು. ಡಿಸ್‌ಅರೇ ಎಂದುಕೊಂಡೆ. ಮೊದಲು ಸರಿಯಾಗಿದ್ದು ಈಗ ಕೆಟ್ಟದ್ದಕ್ಕೆ ಮಾತ್ರ ಆ ಪದ ಬಳಸಬೇಕು. ಸೋತು ಓಡುವ ಸೈನ್ಯಕ್ಕೆ ಬಳಸುತ್ತಾರೆ, ಹೆಂಗಸಿನ ತಲೆಗೂದಲಿಗೆ ಬಳಸುತ್ತಾರೆ. ಹೆಣದ ಮುಂದೆ ಕೂತು ಇದನ್ನೆಲ್ಲ ಯೋಚಿಸುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗಲಿಲ್ಲ.

ಬಂದವರಲ್ಲಿ ಒಬ್ಬರು, ಸಭೆಗಳಲ್ಲಿ ಮಾತಾಡಿ ರೂಢಿಯಿದ್ದವರು, ಅಂಗಡಿಯತ್ತ ಕೈ ತೋರಿಸಿ, “ನೋಡ್ರಿ, ಅವರ ಅಸ್ತವ್ಯಸ್ತದಲ್ಲೇ ಒಂದು ವ್ಯವಸ್ಥೆ ಇತ್ತು” ಎಂದು ನಿಟ್ಟುಸಿರು ಬಿಟ್ಟರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ನಿಜ. ಆದರೆ ಅದು ಸುಳ್ಳು. ಅಲ್ಲಿ ವ್ಯವಸ್ಥೆ ಗಿವಸ್ಥೆ ಏನೂ ಇರಲಿಲ್ಲ. ವರ್ಷಕ್ಕೊಮ್ಮೆಯಾದರೂ ಒಬ್ಬರ ಮೋಟಾರು ಇನ್ನೊಬ್ಬರ ಬಾವಿಗೆ ಇಳಿದು, ಇಬ್ಬರೂ ಬಂದು ಹೊಸ್ತಿಲ ಮೇಲೆ ಕೂಗಾಡುತ್ತಿದ್ದರು. ಇವರು ನಕ್ಕು, ಕಾಫಿ ಕುಡಿಸಿ ಕಳಿಸುತ್ತಿದ್ದರು. ಅದೊಂದು ಕಲೆ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಸೂತಕ ಕಳೆಯುವ ಹಿಂದಿನ ದಿನ ಬೆಳಿಗ್ಗೆ ಭಾವ, ಎಂದರೆ ಇವರ ಅಣ್ಣ, ನನ್ನ ಬಳಿ ಬಂದು ಕೂತರು. ಒಳ್ಳೆಯ ಮನುಷ್ಯ. ತಮ್ಮ ಸತ್ತ ದಿನದಿಂದ ಹೊಟ್ಟೆ ತುಂಬ ಉಂಡಿರಲಿಲ್ಲ.

“ತಂಗಿ, ಅಂಗ್ಡ್ಯಾಗೆ ರೈತ್ರು ಮೋಟ್ರು ಭಾಳ ಅವೆ” ಎಂದರು. “ಎಲ್ಲಾ ಅವನ ಕೈ ಮುಟ್ಟಿದ್ದು. ಸೂತಕದ ಸಾಮಾನು ಹಂಗೇ ಇನ್ನೊಬ್ರ ಹೊಲಕ್ಕೆ ಹೋಗಬಾರ್ದು. ತೊಳ್ದು, ಪೂಜೆ ಮಾಡಿ ಕೊಡಾಣ. ಅವನ ಋಣ ನಮ್ಮ ಕೈಲಿ ಉಳಿಯಾದು ಬ್ಯಾಡ.”

“ಹೂಂ ಭಾವ” ಎಂದೆ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ನಾನು ಹೂಂ ಎನ್ನುತ್ತಿದ್ದೆ.

ನಮ್ಮ ಕಡೆ ಸಾವಿನ ಮನೆಯಲ್ಲಿ ಪಾತ್ರೆ, ಬಟ್ಟೆ, ಹಾಸಿಗೆ ಎಲ್ಲವನ್ನೂ ತೊಳೆಯುತ್ತಾರೆ. ಕಸುಬಿನ ಸಾಮಾನನ್ನೂ ಬಿಡುವುದಿಲ್ಲ, ಆಯುಧಪೂಜೆಗೆ ತೊಳೆದಂತೆ ತೊಳೆಯುತ್ತಾರೆ. ಅಣ್ಣತಮ್ಮಂದಿರು ಪಂಚೆ ಎತ್ತಿ ಕಟ್ಟಿ ಇಳಿದರು. ಸೀಮೆಎಣ್ಣೆ, ಸೋಪಿನ ಪುಡಿ, ತೆಂಗಿನ ನಾರು. ಒಂದೊಂದೇ ಮೋಟಾರನ್ನು ಬೀದಿಗೆ ಹೊತ್ತು ತಂದು, ಉಜ್ಜಿ, ಪೈಪಿನಲ್ಲಿ ನೀರು ಬಿಟ್ಟು, ಬಟ್ಟೆಯಲ್ಲಿ ಒರೆಸಿ ಒಳಗಿಟ್ಟರು. ಕಟ್ಟಿದ್ದ ಹಗ್ಗ, ಬಟ್ಟೆ ಚೂರುಗಳನ್ನು ಕುಯ್ದು ಹಾಕಿದರು. ಸುಟ್ಟ ತಂತಿ, ಮುರುಕು ಸಾಮಾನು ಎಲ್ಲ ಗೋಣಿಚೀಲ ಸೇರಿತು. ಸಂಜೆಗೆ ಮೋಟಾರುಗಳು ಗಿಡ್ಡವು ಮುಂದೆ, ಉದ್ದವು ಹಿಂದೆ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿದ್ದವು. ಒಂದೊಂದಕ್ಕೂ ವಿಭೂತಿ, ಕುಂಕುಮ, ಒಂದೊಂದು ಚೆಂಡುಹೂವು. ನಾನು ಸೀರೆ ಎತ್ತಿ ಹಿಡಿಯದೆ ಆ ನೆಲದ ಮೇಲೆ ನಡೆದದ್ದು ಅದೇ ಮೊದಲು.

ಭಾವ ಬೆವರು ಒರೆಸಿಕೊಂಡು, “ಈಗ ನೋಡು ತಂಗಿ, ಹೆಂಗೈತೆ” ಎಂದರು. ಅವರ ಕಣ್ಣು ಕೆಂಪಾಗಿತ್ತು. ತಮ್ಮನಿಗೆ ಮಾಡಬಹುದಾದ ಕೊನೆಯ ಸೇವೆಯನ್ನು ಅಚ್ಚುಕಟ್ಟಾಗಿ ಮಾಡಿದ ಸಮಾಧಾನ ಅವರಿಗೆ. ಚೆನ್ನಾಗಿದೆ ಭಾವ ಎಂದೆ. ಚೆನ್ನಾಗಿಯೇ ಇತ್ತು.

ಎರಡು ದಿನ ಬಿಟ್ಟು ಅವರೆಲ್ಲ ತಾಳ್ಯಕ್ಕೆ ಹೊರಟರು. ರೈತರು ಬರತೊಡಗಿದ್ದು ಆಮೇಲೆ. ದುಃಖದ ಮನೆಗೆ ಕೂಡಲೇ ಹೋಗಬಾರದೆಂದು ಅವರೂ ತಡೆದುಕೊಂಡಿದ್ದರು. ಮೊದಲು ಬಂದಾತ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಗ್ಗಿ ನೋಡಿ, ಹಾಗೇ ನಿಂತುಬಿಟ್ಟ. “ಟೀಚರಮ್ಮ, ಇದ್ರಾಗೆ ನಂದು ಯಾವ್ದು?” ಎಂದ. ಅದನ್ನು ನಾನು ಅವನನ್ನು ಕೇಳಬೇಕೆಂದಿದ್ದೆ.

ಆಗ ಗೊತ್ತಾಯಿತು ಏನಾಗಿದೆ ಎಂದು. ಇವರು ಯಾವ ಮೋಟಾರಿಗೂ ಚೀಟಿ ಅಂಟಿಸಿದವರಲ್ಲ. ಮೈಗೆ ಮೆತ್ತಿದ ಮಣ್ಣು ನೋಡಿ ಅಂದಾಜು ಮಾಡುತ್ತಿದ್ದರು. ಬಾಗೂರು ಕಡೆಯದಕ್ಕೆ ಕೆಂಪು ಮಣ್ಣು, ಹಿರಿಯೂರು ರಸ್ತೆಯ ಕಡೆಯದಕ್ಕೆ ಕಪ್ಪು. ಗಡಸು ನೀರಿನ ಬಾವಿಯದಾದರೆ ಸುಣ್ಣದಂಥ ಬಿಳಿ ಪೊರೆ. ಇನ್ನು ಕೆಲವನ್ನು ಕಟ್ಟಿದ್ದ ಹಗ್ಗದಿಂದ, ಹಳೆ ಸೀರೆಯ ತುಂಡಿನಿಂದ ಗುರುತು ಹಿಡಿಯುತ್ತಿದ್ದರು. ಅದೇನು ಮಹಾ ವಿದ್ಯೆಯಲ್ಲ, ಎಷ್ಟೋ ಸಲ ತಪ್ಪುತ್ತಿತ್ತು. ಆದರೆ ತಪ್ಪುವುದಕ್ಕಾದರೂ ಏನೋ ಒಂದು ಇತ್ತು. ಈಗ ಅದೆಲ್ಲ ಸೋಪಿನ ನೀರಿನ ಜೊತೆ ಚರಂಡಿಗೆ ಹೋಗಿತ್ತು. ಉಳಿದದ್ದು ಹೊಳೆಯುವ ಮೋಟಾರುಗಳ ಸಾಲು.

ಇದಕ್ಕೆ ಇಂಗ್ಲಿಷಿನಲ್ಲಿ ಪದ ಹುಡುಕಿದೆ, ಸಿಗಲಿಲ್ಲ. ನನಗೆ ಹೊಳೆದ ಪದಗಳೆಲ್ಲ ಕಣ್ಣಿಗೆ ಕಾಣುವ ಕೊಂಪೆಯ ಬಗ್ಗೆ. ಇಷ್ಟು ಓರಣವಾಗಿ ಜೋಡಿಸಿಟ್ಟು ಏನೂ ಸಿಗದ ಹಾಗೆ ಆದದ್ದಕ್ಕೆ ಇಂಗ್ಲಿಷಿನವರಲ್ಲಿ ಹೆಸರಿಲ್ಲ. ನಮ್ಮಲ್ಲೂ ಇಲ್ಲ. ನಾವು ಇದಕ್ಕೆ ಅಚ್ಚುಕಟ್ಟು ಎನ್ನುತ್ತೇವೆ.

ಆ ದಿನಗಳಲ್ಲಿ ನನಗೆ ಯಾವುದೂ ಬೇಕು ಎನ್ನಿಸುತ್ತಿರಲಿಲ್ಲ. ಮುಂದೆ ಬದುಕು ಹೇಗೆ ಎಂದು ಕೇಳಿದರೂ, ತಾಳ್ಯಕ್ಕೆ ಬಂದಿರು ಎಂದರೂ ಹೂಂ. ಒಂದೇ ಒಂದು ವಿಷಯದಲ್ಲಿ ಮಾತ್ರ ನನಗೆ ಹಟವಿತ್ತು. ಪ್ರತಿಯೊಬ್ಬರ ಮೋಟಾರೂ ಅವರವರ ಕೈ ಸೇರಬೇಕು. ಸತ್ತವನ ಮನೆಯಲ್ಲಿ ನಮ್ಮ ಮೋಟಾರು ಹೋಯಿತು ಎಂಬ ಮಾತು ಯಾವ ಊರಿನ ಕಟ್ಟೆಯ ಮೇಲೂ ಹುಟ್ಟಬಾರದು. ಜನ ಅವರ ಮೇಲಿನ ನಂಬಿಕೆಯೊಂದರಿಂದಲೇ ಸಾಮಾನು ಬಿಟ್ಟು ಹೋದವರು. ಆ ಹೆಸರನ್ನು ಉಳಿಸುವುದಷ್ಟೇ ನನಗೆ ಉಳಿದ ಕೆಲಸ ಎನ್ನಿಸಿತ್ತು.

ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಮೀಟರ್ ತಂದು, ವೈಂಡಿಂಗ್ ಮುಗಿದವು ಯಾವುವು, ಇನ್ನೂ ಸುಟ್ಟೇ ಇರುವವು ಯಾವುವು ಎಂದು ಬೇರೆ ಮಾಡಿಕೊಟ್ಟರು. ಅಲ್ಲಿಂದ ಮುಂದೆ ರೈತರೇ ಹುಡುಕಿಕೊಂಡರು. ಒಬ್ಬರು ಬೆಸುಗೆಯ ಗುರುತು ಸವರಿ ನೋಡಿ ಹಿಡಿದರು. ಇನ್ನೊಬ್ಬರು ಹಿಂದೊಮ್ಮೆ ಕಲ್ಲಿಗೆ ಬಡಿದು ಆದ ತಗ್ಗನ್ನು ಬೆರಳಲ್ಲಿ ಮುಟ್ಟಿ, “ಸಿಕ್ತು ಬಿಡ್ರಿ” ಎಂದರು. ಯಾರೂ ಜೋರು ಮಾಡಲಿಲ್ಲ. ಹೋಗುವಾಗ ಎಲ್ಲರೂ ಒಂದೇ ಮಾತು ಹೇಳಿದರು: ಒಳ್ಳೆ ಮನುಷ್ಯ. ನಾನು ಹೂಂ ಎಂದೆ. ಸಾಲು ಕರಗುತ್ತ ಬಂತು. ಖಾಲಿಯಾದ ಜಾಗವನ್ನು ಗುಡಿಸುತ್ತಿದ್ದೆ, ಗುಡಿಸಲು ಏನೂ ಇರುತ್ತಿರಲಿಲ್ಲ.

ಕೊನೆಗೆ ಎರಡು ಮೋಟಾರು ಉಳಿದವು. ಒಂದೇ ಕಂಪನಿಯವು, ಒಂದೇ ಅಳತೆ, ಎರಡರ ಹೆಸರಿನ ತಗಡೂ ಎಂದೋ ಉದುರಿಹೋಗಿತ್ತು. ಒಂದು ಮುಗಿದದ್ದು, ಇನ್ನೊಂದು ಸುಟ್ಟದ್ದು. ಇಬ್ಬರು ಬಾಕಿ ಇದ್ದರು. ಬಾಗೂರು ಕಡೆಯ ಒಬ್ಬ ಹೆಂಗಸು, ನನ್ನದೇ ವಯಸ್ಸು. ಹಿರಿಯೂರು ರಸ್ತೆಯ ಕಡೆಯ ಒಬ್ಬ ಅಜ್ಜ, ಕಂಬಳಿ ಹೆಗಲ ಮೇಲೆ. ಭಾನುವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಬಂದರು.

“ಕುಂತ್ಕಳ್ರಿ” ಎಂದು ಚಾಪೆ ಹಾಕಿದೆ. ಯಾರೂ ಕೂರಲಿಲ್ಲ. ಇಬ್ಬರೂ ನೇರ ಹೋಗಿ ಮುಗಿದ ಮೋಟಾರಿನ ಪಕ್ಕ ನಿಂತರು.

“ಇದೇ ಟೀಚರಮ್ಮ ನಂದು” ಎಂದಳು ಆಕೆ. “ಅಣ್ಣ ಹೋಗೋ ಹಿಂದಿನ ದಿನ ಫೋನ್ ಮಾಡಿದ್ದೆ. ಆಗೈತೆ, ನಾಳೆ ಬಾರವ್ವ ಅಂದಿತ್ತು.”

“ನಂಗೂ ಅಂಗೇ ಹೇಳಿದ್ನಲ್ಲವ್ವ” ಎಂದ ಅಜ್ಜ. “ಆಗೈತೆ ಅಜ್ಜ, ನಾಳೆ ಬಾ ಅಂದ.”

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ನನ್ನ ಗಂಡ ಯಾರಿಗೂ ಇನ್ನೂ ಆಗಿಲ್ಲ ಎಂದು ಹೇಳಿದವರೇ ಅಲ್ಲ. ಕೈ ಹಚ್ಚದ ಮೋಟಾರಿಗೂ ಆಗೈತೆ ಎನ್ನುತ್ತಿದ್ದರು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, “ಪಾಪ, ರಾತ್ರಿ ನಿದ್ದೆ ಆದ್ರೂ ಮಾಡ್ಲಿ” ಎನ್ನುತ್ತಿದ್ದರು. ಇಂಗ್ಲಿಷಿನ ಮಡಲ್ ಎಂಬ ಪದ ಇಂಥದ್ದಕ್ಕೇ ಇರುವುದು. ಅದು ನೆಲದ ಮೇಲಿನ ಅಸ್ತವ್ಯಸ್ತವಲ್ಲ, ತಲೆಯೊಳಗಿನದು. ಬೇರೆಬೇರೆಯಾಗಿ ಇರಬೇಕಾದ ಎರಡು ಒಂದರೊಳಗೊಂದು ಸೇರಿಕೊಂಡು, ಬಿಡಿಸುವ ತುದಿ ಸಿಗದೆ ಹೋಗುವುದು. ಬಿಡಿಸಬಲ್ಲವರು ಒಬ್ಬರೇ ಇದ್ದರು.

“ಸರಿಯಾಗಿ ನೋಡ್ರಿ, ಏನಾದ್ರೂ ಗುರುತು ಇರ್ತದೆ” ಎಂದೆ.

ಆಕೆ ಮೋಟಾರನ್ನು ಹೊರಳಿಸಿ ನೋಡಿದಳು. ಅಜ್ಜನೂ ನೋಡಿದ. ಸೋಪಿನಲ್ಲಿ ತೊಳೆದ ಲೋಹದ ಮೇಲೆ ಕುಂಕುಮ ಒಣಗಿ ಉದುರುತ್ತಿತ್ತು, ಅಷ್ಟೇ.

“ನಮ್ಮ ಕುರಿ ನಾವು ಗುರ್ತು ಹಿಡಿಯಲ್ವೇನಮ್ಮ, ಹಂಗೇ ಇದೂನು. ಇದು ನಂದೇ” ಎಂದ ಅಜ್ಜ. ಆದರೆ ದನಿಯಲ್ಲಿ ಬಲವಿರಲಿಲ್ಲ. ಕುರಿಗೆ ಮುಖ ಇರುತ್ತದೆ, ಮೋಟಾರಿಗಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

“ನಿಮ್ದೇ ಇರ್ಬೋದು ಅಜ್ಜ, ನಾನು ಸುಳ್ಳು ಅನ್ನಲ್ಲ” ಎಂದಳು ಆಕೆ. “ಆದ್ರೆ ನಂದು ಈರುಳ್ಳಿ, ಗೆಡ್ಡೆ ಕಟ್ಟೋ ಹೊತ್ತು. ಈಗ ನೀರು ಬಿಡ್ದಿದ್ರೆ ಗೋಲಿ ಗಾತ್ರಕ್ಕೇ ನಿಂತ್ಬಿಡ್ತವೆ. ಇಷ್ಟು ದಿನ ಪಕ್ಕದೋರ ಬಾವಿಯಿಂದ ನೀರು ಹಾಯಿಸ್ಕಂಡೆ. ಅವ್ರೂ ಇನ್ನು ಆಗಲ್ಲ ಅಂದ್ರು.” ನನ್ನ ಮುಂದೆ ಹೊಲದ ಕಷ್ಟಕ್ಕೆ ಅಳಬಾರದು ಎಂದುಕೊಂಡಳೇನೋ, ಸೆರಗಿನಿಂದ ಮೂಗು ಒತ್ತಿಕೊಂಡಳು.

ಇಬ್ಬರೂ ನನ್ನ ಕಡೆ ನೋಡಿದರು. ಟೀಚರ್ ಅಲ್ಲವೇ, ನಾನೇ ಹೇಳಬೇಕು. ತರಗತಿಯಲ್ಲಿ ಇಬ್ಬರು ಒಂದೇ ಪೆನ್ನಿಗೆ ಜಗಳವಾಡಿದರೆ ಗಳಿಗೆಯಲ್ಲಿ ತೀರ್ಮಾನ ಮಾಡುವವಳು ನಾನು. ಇದು ಪೆನ್ನಲ್ಲ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಮೋಸವಾದೀತು. ನಾನು ಇಷ್ಟು ದಿನ ಕಾಪಾಡಿಕೊಂಡು ಬಂದದ್ದು ಕೊನೆಯ ಮೋಟಾರಿನಲ್ಲಿ ಹಾಳಾಗುತ್ತದೆ ಎಂದು ಭಯವಾಯಿತು. ನನ್ನ ಗಂಡ ಹೋದ ಮೇಲೆ ನನಗೆ ಆದ ಮೊದಲ ಭಯ ಅದು.

ಅಜ್ಜ ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. ಆಮೇಲೆ ಆಕೆಗೆ ಹೇಳಿದ: “ತಗಂಡೋಗವ್ವ. ನಂದು ಶೇಂಗಾ, ಇನ್ನೂ ಒಂದೆಲ್ಡು ದಿನ ತಡಕಂತದೆ. ಮೋಟ್ರು ನಂದೇ, ಅದ್ರಾಗೆ ಅನುಮಾನ ಇಲ್ಲ. ಆದ್ರೂ ತಗಂಡೋಗು.”

ಆಕೆ ಅವನ ಕಾಲು ಮುಟ್ಟಲು ಬಗ್ಗಿದಳು. ಅವನು, “ಏಯ್ ಬಿಡವ್ವ, ಏನೂ ದಾನ ಮಾಡ್ತಿಲ್ಲ ನಾನು” ಎಂದು ಸಿಡುಕಿದ. ಆಟೋದವರನ್ನು ಕರೆದು, ಮೋಟಾರು ಹೇರಿಸಿಕೊಂಡು ಆಕೆ ಹೊರಟುಹೋದಳು. ಅದು ಯಾರದ್ದಾಗಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಂಗಡಿಯಲ್ಲಿ ಅಜ್ಜ, ನಾನು, ಸುಟ್ಟ ಮೋಟಾರು. ಅವನು ಅದರ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ಅದರ ಮೇಲಿನ ಬಾಡಿದ ಚೆಂಡುಹೂವನ್ನು ತೆಗೆದು ಮೆಲ್ಲಗೆ ಪಕ್ಕಕ್ಕಿಟ್ಟ. ತಲೆ ಎತ್ತದೆ ಕೇಳಿದ:

“ಹಂಗಾದ್ರೆ ಇದನ್ನ ಬೇರೆ ಕಡೆ ಕೊಡ್ಲೇನಮ್ಮ?”

ನಮ್ಮ ಕಡೆ ರೈತರು ಒಂದು ಅಂಗಡಿಗೆ ತಂದು ಹಾಕಿದ ಮೋಟಾರನ್ನು ಕೇಳದೆ ಇನ್ನೊಂದಕ್ಕೆ ಒಯ್ಯುವುದಿಲ್ಲ. ಒಯ್ದರೆ ಈ ಅಂಗಡಿಯವರಿಗೆ ಅವಮಾನ ಮಾಡಿದಂತೆ. ಇವರು ಬದುಕಿದ್ದಾಗಲೂ ಕೆಲಸ ತಡವಾದರೆ ಜನ ಹಾಗೆ ಬಂದು ಕೇಳುತ್ತಿದ್ದರು. ಇವರು ಹಾರಿ ಬಿದ್ದು, ಯಾಕೆ, ನನ್ನ ಕೈಗೇನಾಗಿದೆ ಎಂದು ಕೂತು ಅವತ್ತೇ ಸುತ್ತಿಕೊಡುತ್ತಿದ್ದರು. ಅಜ್ಜ ಆ ಮರ್ಯಾದೆಯಿಂದಲೇ ಕೇಳಿದ್ದ. ಕೇಳಿ, ಉತ್ತರಕ್ಕೆ ಕಾಯುತ್ತಿದ್ದ.

ಕೊಡಿ ಅಜ್ಜ ಎಂದರೆ ಮುಗಿಯಿತು. ಎರಡೇ ಪದ. ನನಗೆ ಹೇಳಲಾಗಲಿಲ್ಲ. ಅವರು ಸತ್ತರು ಎಂದು ಡಾಕ್ಟರ್ ನನಗೆ ಹೇಳಿದ್ದರು. ಭಾವ ಎಲ್ಲರಿಗೂ ಫೋನು ಮಾಡಿ ಹೇಳಿದ್ದರು. ಬಂದವರೆಲ್ಲ ನನ್ನ ಕೈ ಹಿಡಿದು ಹೇಳಿದ್ದರು. ನನ್ನ ಬಾಯಿಂದ ಯಾರೂ ಕೇಳಿರಲಿಲ್ಲ. ಈ ಮೋಟಾರನ್ನು ಅವರು ಇನ್ನು ಸುತ್ತುವುದಿಲ್ಲ ಎಂದು ಈಗ ನಾನೇ ಹೇಳಬೇಕಿತ್ತು, ಅದೂ ಅವರ ಅಂಗಡಿಯಲ್ಲಿ ನಿಂತು.

ಚಾಪೆಯ ಮೇಲೆ ಕೂತೆ. ಅಳು ಬಂತು. ಸಾವಿನ ದಿನ ಹೆಂಗಸರು ಹೊರಡಿಸಲು ನೋಡಿದ ಆ ದನಿ, ಊರಿಗೆಲ್ಲ ಕೇಳುವ ಹಾಗೆ, ಅಸಹ್ಯವಾಗಿ ಬಂತು. ಪಂಚರ್ ಅಂಗಡಿಯವರು ಓಡಿಬಂದು ಬಾಗಿಲಲ್ಲಿ ನಿಂತರು. ಅಜ್ಜ ಅವರಿಗೆ ಹೋಗು ಎಂದು ಕೈಸನ್ನೆ ಮಾಡಿದ. ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ತಾನು ಕೂತಲ್ಲೇ ಕೂತು, ಮೋಟಾರಿನ ಮೇಲೆ ಕೈಯಿಟ್ಟುಕೊಂಡು, ಮಳೆ ನಿಲ್ಲಲಿ ಎಂದು ಕಾಯುವವರಂತೆ ಕಾದ.

ಬಹಳ ಹೊತ್ತಾದ ಮೇಲೆ, “ಕೊಡಿ ಅಜ್ಜ” ಎಂದೆ.

ಅವನು ಎದ್ದು ಒಂದು ತುದಿ ಹಿಡಿದ. ಒಬ್ಬನಿಂದ ಏಳುವ ಭಾರವಲ್ಲ. ನಾನು ಮುಖ ಒರೆಸಿಕೊಂಡು ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಬಾಗಿಲ ತನಕ ತಂದೆವು. ಹೊಸ್ತಿಲ ಮೇಲೆ ಇಳಿಸಿ ಅವನು ಸುಧಾರಿಸಿಕೊಂಡ.

“ಯಾರತ್ರ ಕೊಡ್ಲಿ, ನೀವೇ ಹೇಳ್ರಮ್ಮ” ಎಂದ.

ಬೀದಿಯ ಕಡೆ ನೋಡುತ್ತ ಯೋಚಿಸಿದೆ. ಇಷ್ಟು ವರ್ಷ ಈ ಊರಲ್ಲಿದ್ದು, ಮೋಟಾರು ಸುತ್ತುವ ಇನ್ನೊಬ್ಬರ ಹೆಸರು ನನಗೆ ಗೊತ್ತಿರಲಿಲ್ಲ.